ಹಿಂದಿನ ಸೀಟಿನ ಗಡಿಯಾರ

ಕರಡು ವಾಪಸು ಬಂದಾಗ ಅದರ ಮೇಲೆ ಕೆಂಪು ಶಾಯಿಯ ಗುರುತು ಒಂದೂ ಇರಲಿಲ್ಲ. ನನಗೆ ಸಿಟ್ಟು ಬಂದದ್ದೇ ಅದಕ್ಕೆ. ತಪ್ಪು ತೋರಿಸಿದ್ದರೆ ತಿದ್ದಬಹುದಿತ್ತು. ಕೊನೆಯ ಪುಟದ ಕೆಳಗೆ ಎರಡೇ ವಾಕ್ಯಗಳಿದ್ದವು: "ಭಾಷೆ ಸರಳವಾಗಿದೆ. ಆದರೆ ಈ ವಿಷಯವನ್ನು ಕನ್ನಡದಲ್ಲಿ ಹೇಳಲು ಸಾಧ್ಯವೇ ಎಂಬ ಅನುಮಾನ ಉಳಿಯುತ್ತದೆ."

ನಾನು ಹಾನಗಲ್ಲಿನ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕನ್ನಡದಲ್ಲಿ ಪರೀಕ್ಷೆ ಬರೆಯುವ ಬಿಎಸ್ಸಿ ವಿದ್ಯಾರ್ಥಿಗಳಿಗಾಗಿ ಒಂದು ಕೈಪಿಡಿ ತಯಾರಾಗುತ್ತಿತ್ತು. ಅದರ ಸಾಪೇಕ್ಷತಾ ಸಿದ್ಧಾಂತದ ಭಾಗದಲ್ಲಿ ಒಂದು ಘಟಕ ನನ್ನ ಪಾಲಿಗೆ ಬಂದಿತ್ತು. ಒಂದೇ ವೇಗದಲ್ಲಿ ಸಾಗುವ ಬಸ್ಸಿನಲ್ಲಿ ಕೂತವರು ಜಗತ್ತನ್ನು ಹೇಗೆ ಅಳೆಯುತ್ತಾರೆ ಎಂಬುದು ಅದರ ಹಿಂದಿನ ಘಟಕ. ಬಸ್ಸು ವೇಗ ಹೆಚ್ಚಿಸಿಕೊಳ್ಳುತ್ತಲೇ ಹೋದರೆ ಒಳಗಿನವರ ಅಳತೆ ಏನಾಗುತ್ತದೆ, ಅದನ್ನು ರಸ್ತೆ ಬದಿಯಲ್ಲಿ ನಿಂತವರ ಅಳತೆಗೆ ಪರಿವರ್ತಿಸುವುದು ಹೇಗೆ ಎಂಬುದು ನನ್ನದು. ವೇಗ ಹೆಚ್ಚುವ ದರಕ್ಕೆ ನಾವು ವೇಗೋತ್ಕರ್ಷ ಎನ್ನುತ್ತೇವೆ. ಹೆಸರು ದೊಡ್ಡದು, ಸಂಗತಿ ಬಸ್ಸು ಹತ್ತಿದವರಿಗೆಲ್ಲ ಗೊತ್ತಿರುವುದೇ.

ಕರಡು ಬಂದ ಮರುದಿನ ಕೈಪಿಡಿ ಸಮಿತಿಯ ಹಿರಿಯ ಪ್ರಾಧ್ಯಾಪಕರು ಧಾರವಾಡದಿಂದ ಫೋನು ಮಾಡಿದರು. ಮೂರು ವಾರಗಳ ನಂತರ ಶಿಗ್ಗಾಂವಿಯಲ್ಲಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಅಧ್ಯಾಪಕರೆಲ್ಲ ಸೇರುವವರಿದ್ದರು. ಅವರ ಮುಂದೆ ನಾನು ಆ ಪಾಠ ಮಾಡಿ ತೋರಿಸಬೇಕು. ಪಾಠ ಅವರಿಗೆ ಒಪ್ಪಿಗೆಯಾದರೆ ಘಟಕ ಉಳಿಯುತ್ತದೆ, ಇಲ್ಲದಿದ್ದರೆ ಕನ್ನಡ ಕೈಪಿಡಿಯಿಂದ ತೆಗೆದುಹಾಕುತ್ತಾರೆ. ಬೇಕಾದವರು ಇಂಗ್ಲಿಷಿನಲ್ಲಿ ಓದಿಕೊಳ್ಳಬೇಕು.

"ನಿಮ್ಮ ತಪ್ಪಲ್ರಿ ಇದು," ಎಂದರು ಅವರು. "ಕೆಲವು ವಿಷಯ ಕನ್ನಡದಾಗ ಕೂಡೂದಿಲ್ಲ, ಅಷ್ಟ."

"ಕೂಡ್ತಾವೋ ಇಲ್ಲೋ ನೋಡೂಣ್ರಿ ಸರ್," ಎಂದು ಫೋನು ಇಟ್ಟೆ.

ನನ್ನ ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕನ್ನಡದಲ್ಲಿ ಬರೆಯುವವರು. ಅವರಲ್ಲಿ ರಟ್ಟೀಹಳ್ಳಿಯ ಕಡೆಯ ಒಬ್ಬ ಹುಡುಗಿ, ಕೊನೆಯ ವರ್ಷದವಳು, ಹಾಸ್ಟೆಲಿನಲ್ಲಿ ಇರುತ್ತಾಳೆ. ಸುದ್ದಿ ಕೇಳಿ, "ಹಂಗಾದ್ರ ಆ ಪಾಠ ನಮಗ ಇಲ್ಲ ಅಂತೇನ್ರಿ ಮೇಡಂ?" ಎಂದು ಕೇಳಿದಳು. ಇಂಗ್ಲಿಷ್ ಪುಸ್ತಕದ ಒಂದು ಪುಟ ದಾಟಲು ಆಕೆಗೆ ಒಂದು ಸಂಜೆ ಬೇಕು. ಆದರೆ ಅರ್ಥವಾಗದೇ ಮುಂದಿನ ಪುಟಕ್ಕೆ ಹೋಗುವ ಜಾಣತನ ಮಾತ್ರ ಆಕೆಗಿಲ್ಲ. ಅಂಥವರಿಗೆ ಬಾಗಿಲು ಮುಚ್ಚುವುದು ನನಗೆ ಸಹಿಸಲಾಗಲಿಲ್ಲ.

ಇಲ್ಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಆ ಕರಡನ್ನು ನಾನು ಇಂಗ್ಲಿಷ್ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡೇ ಬರೆದಿದ್ದೆ. ಬರೆದವರ ಹೆಸರಿಲ್ಲದ, ಎಷ್ಟೋ ವರ್ಷಗಳಿಂದ ನಡೆದುಬಂದ ಪುಸ್ತಕ ಅದು. ಅದರ ಒಂದೊಂದು ವಾಕ್ಯಕ್ಕೂ ನನ್ನಲ್ಲಿ ಒಂದೊಂದು ಕನ್ನಡ ವಾಕ್ಯವಿತ್ತು.

ಕರಡನ್ನು ತರಗತಿಯಲ್ಲಿ ಓದಿ ಹೇಳುವಾಗ ಒಂದು ಸಾಲು ಬಂತು: ವೇಗ ಹೆಚ್ಚಿಸಿಕೊಳ್ಳುವ ಬಸ್ಸಿನ ಎಲ್ಲ ಭಾಗಗಳ ವೇಗೋತ್ಕರ್ಷ ಒಂದೇ, ಆದ್ದರಿಂದ ಮುಂದಿನ ಸೀಟಿನ ಗಡಿಯಾರ, ಹಿಂದಿನ ಸೀಟಿನ ಗಡಿಯಾರ ಒಳಗಿನವರಿಗೆ ಸದಾ ಒಂದೇ ಹೊತ್ತು ತೋರಿಸುತ್ತವೆ. ರಟ್ಟೀಹಳ್ಳಿಯ ಹುಡುಗಿ ಎದ್ದು ನಿಂತಳು.

"ಒಳಗ ಕುಂತಾವ್ರಿಗೆ ಅದು ಹೆಂಗ ಗೊತ್ತಾಗ್ತೈತ್ರಿ ಮೇಡಂ? ಯಾರು ನೋಡಿದ್ರು?"

"ಮೊದ್ಲ ಸೂತ್ರ ಹಾಕಿ ನೋಡು. ಎಲ್ಲಾ ತಾನ ತಿಳೀತೈತಿ," ಎಂದೆ. ಆಕೆ ಕೂತಳು. ಉತ್ತರ ಗೊತ್ತಿಲ್ಲದಾಗ ದನಿ ಗಡುಸು ಮಾಡಿಕೊಳ್ಳುವುದು ನನ್ನ ಹಳೆಯ ಚಾಳಿ.

ಪಾಠದಲ್ಲಿ ಕಣ್ಣಿಗೆ ಕಾಣುವ ಪ್ರಯೋಗ ಇಲ್ಲದಿರುವುದೇ ಕೊರತೆ ಎಂದು ನಾನು ತೀರ್ಮಾನಿಸಿದೆ. ಕಾಲೇಜಿನ ಹಿಂದೆ ಹೊಸ ಪ್ರಯೋಗಾಲಯದ ಕೋಣೆ ಏಳುತ್ತಿತ್ತು. ಅಲ್ಲಿ ಸವಣೂರಿನ ಗೌಂಡಿಯೊಬ್ಬರು ಕೆಲಸ ಮಾಡುತ್ತಿದ್ದರು. ಅರವತ್ತು ದಾಟಿದವರು, ಮಾತು ಕಡಿಮೆ, ಇಟ್ಟಿಗೆಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿ ನೋಡದೆ ಇಡುತ್ತಿರಲಿಲ್ಲ. ಅವರ ಹತ್ತಿರ ಹೋಗಿ ಓಳಂಬ ಕೇಳಿದೆ. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗೌಂಡಿಗಳು ಇಳಿಬಿಡುವ, ದಾರಕ್ಕೆ ಕಟ್ಟಿದ ಗುಂಡು ಅದು.

"ಎದಕ್ಕ ಬೇಕಾಗಿತ್ರಿ ಅಕ್ಕಾರ?" ಎಂದರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಹಿರಿಯರೂ ಅಕ್ಕಾರ ಎಂದೇ ಕರೆಯುತ್ತಾರೆ.

"ಬಸ್ಸಿನ್ಯಾಗ ಕಟ್ಟಾಕ."

ಅವರು ನನ್ನನ್ನೊಮ್ಮೆ, ಓಳಂಬವನ್ನೊಮ್ಮೆ ನೋಡಿದರು. "ನಾಳೆ ಕೆಲಸ ಚಾಲೂ ಆಗೂದ್ರಾಗ ತಂದ ಕೊಡ್ರಿ. ಅದಿಲ್ದ ನನ್ನ ಕಣ್ಣು ನಾನ ನಂಬೂದಿಲ್ಲ."

ನನ್ನ ಮನೆ ಶಿಗ್ಗಾಂವಿಯಲ್ಲಿ. ಆ ಸಂಜೆಯ ಬಸ್ಸಿನಲ್ಲಿ, ಸಾಮಾನು ಇಡುವ ಸರಳಿಗೆ ಓಳಂಬ ಕಟ್ಟಿ, ಹಿಂದೆ ಕೋನಗಳನ್ನು ಗುರುತಿಸಿದ ರಟ್ಟಿನ ಹಲಗೆ ಹಿಡಿದು ಕೂತೆ. ಕಂಡಕ್ಟರ್ ಟಿಕೆಟ್ ಕೊಡುವುದನ್ನು ಬಿಟ್ಟು ನಿಂತ. "ಏನ್ರಿ ಮೇಡಮ್ಮಾರ, ಬಸ್ಸಿನ್ಯಾಗ ಗ್ವಾಡಿ ಕಟ್ಟಾಕತ್ತೀರೇನು?" ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಬಸ್ಸು ಹೊರಟಾಗ ಗುಂಡು ಹಿಂದಕ್ಕೆ ವಾಲುತ್ತದೆ ಎಂದು ಕಾದೆ. ಅದು ಹಿಂದಕ್ಕೂ ವಾಲಿತು, ಮುಂದಕ್ಕೂ ವಾಲಿತು, ಪಕ್ಕದ ಸೀಟಿನ ಅಜ್ಜಿಯ ತಲೆಗೂ ಬಡಿಯಿತು. ದಿನಾ ಸಂಜೆ ಓಳಂಬ ಒಯ್ದು ಬೆಳಿಗ್ಗೆ ಮರಳಿಸುತ್ತ ಮೂರು ದಿನ ಹೋಗಿ ಬಂದರೂ ನಂಬಬಹುದಾದ ಒಂದು ಅಳತೆ ಸಿಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ; ನಾನು ರಸ್ತೆಯನ್ನು ಬೈದೆ, ಎಂಜಿನ್ನನ್ನು ಬೈದೆ, ಚಾಲಕನನ್ನು ಮನಸ್ಸಿನಲ್ಲೇ ಬೈದೆ.

ನಾಲ್ಕನೆಯ ಬೆಳಿಗ್ಗೆ ಓಳಂಬ ಹಿಂದಿರುಗಿಸುವಾಗ ಗೌಂಡಿಯವರ ಮುಂದೆ ಈ ಗೋಳು ತೋಡಿಕೊಂಡೆ.

"ಗಾಳಿ ಬಿಟ್ಟಾಗ ನಮಗೂ ಹಿಂಗ ಆಗ್ತೈತ್ರಿ," ಎಂದರು. "ಗುಂಡನ್ನ ಬಕೆಟ್ ನೀರಾಗ ಇಳೀಬಿಡ್ತೇವಿ. ದಾರ ಗಪ್ಪ ನಿಂದರ್ತೈತಿ."

ಇಷ್ಟು ವರ್ಷ ಭೌತಶಾಸ್ತ್ರ ಕಲಿಸಿದವಳಿಗೆ ಅದು ಹೊಳೆದಿರಲಿಲ್ಲ! ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೊದಲು ನೀರು ಹಾಕಿ ನೋಡಿದೆ, ಆಮೇಲೆ ಅಡುಗೆ ಎಣ್ಣೆ. ಎಣ್ಣೆಯಲ್ಲಿ ಗುಂಡು ಸಮಾಧಾನವಾಗಿ ನಿಂತಿತು. ಬಸ್ಸು ನಿಲ್ದಾಣದಿಂದ ಹೊರಟಾಗ ದಾರ ಹಿಂದಕ್ಕೆ ಸುಮಾರು ಆರು ಡಿಗ್ರಿ ವಾಲಿ ಹಾಗೇ ನಿಂತಿತು. ವೇಗ ಒಂದೇ ಸಮನಾದ ಮೇಲೆ ನೆಟ್ಟಗಾಯಿತು. ಬ್ರೇಕು ಹಾಕಿದಾಗ ಮುಂದಕ್ಕೆ ಬಂತು. ಆರು ಡಿಗ್ರಿ ಎಂದರೆ ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ ಒಂದು ಮೀಟರಿನಷ್ಟು ಹೆಚ್ಚುತ್ತಿದೆ ಎಂದು ಲೆಕ್ಕ. ಅದಕ್ಕಿಂತ ಚೆಂದದ ಸಂಗತಿ ಡಬ್ಬಿಯೊಳಗಿತ್ತು. ದಾರ ವಾಲಿದಷ್ಟೇ ಎಣ್ಣೆಯ ಮೇಲ್ಮೈಯೂ ವಾಲುತ್ತಿತ್ತು, ಎರಡರ ನಡುವಿನ ಲಂಬಕೋನ ಒಂಚೂರೂ ಕೆಡುತ್ತಿರಲಿಲ್ಲ. ಬಸ್ಸಿನೊಳಗೆ 'ಕೆಳಗೆ' ಎಂಬ ದಿಕ್ಕೇ ಬೇರೆಯಾಗಿತ್ತು.

ಮರುದಿನ ಗೌಂಡಿಯವರನ್ನು ಕೇಳಿದೆ. "ಬಸ್ಸು ಹಂಗ ಜೋರಾಗ್ತ ಜೋರಾಗ್ತ ಹೊಂಟೈತಿ ಅಂತ ತಿಳೀರಿ. ಅದರಾಗ ಗ್ವಾಡಿ ಕಟ್ಟಂದ್ರ ಹೆಂಗ ಕಟ್ತೀರಿ?"

"ಓಳಂಬ ಹೇಳಿದಂಗ."

"ರಸ್ತಾದಾಗ ನಿಂತಾವ್ರು ಗ್ವಾಡಿ ಸೊಟ್ಟ ಐತಿ ಅಂತಾರಲ್ರಿ?"

"ಅನ್ಲಿ ಬಿಡ್ರಿ. ಒಳಗ ಬಂದು ಗ್ವಾಡಿಗೆ ಬೆನ್ನು ಹಚ್ಚಿ ನಿಂದರ್ಲಿ, ಅವ್ರಿಗೇ ತಿಳೀತೈತಿ."

ವೇಗೋತ್ಕರ್ಷಕ್ಕೂ ಗುರುತ್ವಕ್ಕೂ ಒಳಗಿದ್ದವರಿಗೆ ವ್ಯತ್ಯಾಸ ತಿಳಿಯದು ಎಂಬ ಮಾತನ್ನು ಇದಕ್ಕಿಂತ ಚೆನ್ನಾಗಿ ನಾನು ಎಲ್ಲೂ ಓದಿಲ್ಲ. ಪ್ರಯೋಗವನ್ನು ಕರಡಿಗೆ ಸೇರಿಸಿ ಕಳಿಸಿದೆ. ಸಮಿತಿಯವರು ಅದರ ಪ್ರತಿಗಳನ್ನು ತೆಗೆಸಿ ನಾಲ್ಕೂ ತಾಲೂಕುಗಳಿಗೆ ಹಂಚಿದರು. ಪಾಠಕ್ಕೆ ಒಂದು ವಾರ ಉಳಿದಿತ್ತು. ನಾನು ಗೆದ್ದೆ ಎಂದುಕೊಂಡೆ.

ಹೀಗಿರುವಾಗ ಒಂದು ದಿನ ಗೌಂಡಿಯವರ ಜೊತೆಗಾರ ಬರಲಿಲ್ಲ. ಕಿಟಕಿಗಳ ಮೇಲಿನ ಮಟ್ಟವನ್ನು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಒಯ್ಯುವುದಿತ್ತು. ಅದಕ್ಕೆ ಅವರ ಹತ್ತಿರ ನೀರು ತುಂಬಿದ ಉದ್ದನೆಯ ಪಾರದರ್ಶಕ ಪೈಪು ಇರುತ್ತದೆ. ಒಂದು ತುದಿಯ ನೀರನ್ನು ಮೊದಲ ಕಂಬದ ಗುರುತಿಗೆ ಹೊಂದಿಸಿದರೆ, ಇನ್ನೊಂದು ತುದಿಯ ನೀರು ಎರಡನೆಯ ಕಂಬದ ಮೇಲೆ ಅದೇ ಮಟ್ಟ ತೋರಿಸುತ್ತದೆ. ನನಗೆ ಆ ಗಂಟೆ ತರಗತಿ ಇರಲಿಲ್ಲ. "ನಾ ಹಿಡೀತೇನಿ," ಎಂದು ಎರಡನೆಯ ತುದಿ ಹಿಡಿದು ನಿಂತೆ. ನೀರು ಚೆಲ್ಲಬಾರದೆಂದು ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದ್ದೆ.

ಗೌಂಡಿಯವರು ಪೆನ್ಸಿಲ್ ಹಿಡಿದು ಬಂದವರು ಗುರುತು ಹಾಕದೆ ನಿಂತರು. "ಹೆಬ್ಬಟ್ಟು ತಗೀರಿ ಅಕ್ಕಾರ."

"ನೀರು ಚೆಲ್ತೈತ್ರಿ."

"ಚೆಲ್ಲೂದಿಲ್ಲ. ಬಾಯಿ ಮುಚ್ಚಿದ್ರ ಅದು ಎಲ್ಲಿ ಐತೋ ಅಲ್ಲೇ ನಿಂದರ್ತೈತಿ. ನೀವ ನೀರಿಗೆ ಮಟ್ಟ ಹೇಳಿದಂಗ ಆತು. ನೀರು ನಿಮಗ ಹೇಳ್ಲಿ."

ಹೆಬ್ಬೆರಳು ತೆಗೆದೆ. ನೀರು ನಾಲ್ಕು ಬೆರಳು ಕೆಳಗಿಳಿದು, ಸ್ವಲ್ಪ ತೂಗಾಡಿ, ನಿಂತಿತು. ಅವರು ಅಲ್ಲಿ ಗೆರೆ ಎಳೆದರು. ನಾನು ಆ ಗೆರೆಯನ್ನೇ ನೋಡುತ್ತ ನಿಂತೆ. ಘಟಕದಲ್ಲಿ ನಾನು ಮಾಡಿದ್ದೂ ಇದನ್ನೇ. ಎರಡು ಗಡಿಯಾರಗಳು ಒಂದೇ ಹೊತ್ತು ತೋರಿಸುತ್ತವೆ ಎಂದು ರಸ್ತೆ ಬದಿಯಲ್ಲಿ ನಿಂತು ಹೇಳಿ, ಅದನ್ನು ಬಸ್ಸಿನೊಳಗಿನವರ ಮೇಲೆ ಹೇರಿದ್ದೆ. ಒಳಗಿನವರಿಗೆ ಆ ಹೊತ್ತನ್ನು ಹೋಲಿಸಿ ನೋಡಲು ಇರುವುದು ಬೆಳಕೊಂದೇ. ಅದನ್ನು ಕಳಿಸಿ ನೋಡಿರಲೇ ಇಲ್ಲ. ರಟ್ಟೀಹಳ್ಳಿಯ ಹುಡುಗಿ ಕೇಳಿದ್ದು ನೂರಕ್ಕೆ ನೂರು ಅದನ್ನೇ.

ಮಧ್ಯಾಹ್ನ ಗ್ರಾಫ್ ಹಾಳೆ ಹರಡಿಕೊಂಡು ಕೂತೆ. ಅಡ್ಡಕ್ಕೆ ದೂರ, ಉದ್ದಕ್ಕೆ ಕಾಲ. ಬೆಳಕಿನ ಗೆರೆ ನಲವತ್ತೈದು ಡಿಗ್ರಿಗೆ ಬರುವಂತೆ ಅಳತೆ ಆರಿಸಿಕೊಂಡೆ. ಮುಂದಿನ ಸೀಟು, ಹಿಂದಿನ ಸೀಟು ಎರಡಕ್ಕೂ ಒಂದೇ ವೇಗೋತ್ಕರ್ಷ ಕೊಟ್ಟು ಎರಡು ಬಾಗಿದ ಗೆರೆ ಎಳೆದೆ. ಹಿಂದಿನ ಸೀಟಿನಿಂದ ಸೆಕೆಂಡಿಗೊಂದರಂತೆ ದೀಪ ಮಿನುಗಿಸಿದೆ, ಹಾಳೆಯ ಮೇಲೆ. ಒಂದೊಂದು ಬೆಳಕೂ ಮುಂದಿನ ಸೀಟನ್ನು ಮುಟ್ಟುವಷ್ಟರಲ್ಲಿ ಆ ಸೀಟು ಇನ್ನಷ್ಟು ವೇಗ ಪಡೆದಿರುತ್ತದೆ. ಹಾಗಾಗಿ ಮಿನುಗುಗಳು ಅಲ್ಲಿ ಸೆಕೆಂಡಿಗಿಂತ ತಡವಾಗಿ ತಲುಪಿದವು. ಮುಂದೆ ಕೂತವರಿಗೆ ಹಿಂದಿನ ಗಡಿಯಾರ ನಿಧಾನ. ತಿರುಗಿಸಿ, ಮುಂದಿನಿಂದ ಹಿಂದಕ್ಕೆ ಬೆಳಕು ಕಳಿಸಿದೆ. ಹಿಂದೆ ಕೂತವರಿಗೆ ಮುಂದಿನ ಗಡಿಯಾರ ಜೋರು. ಅಂದರೆ ಇಬ್ಬರದೂ ಒಂದೇ ತೀರ್ಪು! ವೇಗ ಬದಲಿಸದೆ ಒಂದನ್ನೊಂದು ದಾಟಿ ಹೋಗುವ ಬಸ್ಸುಗಳಲ್ಲಿ ಹೀಗಾಗುವುದಿಲ್ಲ, ಅಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರ ಗಡಿಯಾರವನ್ನೇ ನಿಧಾನ ಎನ್ನುತ್ತಾರೆ. ಇದರ ಜೊತೆಗೆ ಇನ್ನೊಂದು ವಿಚಿತ್ರ ಕಂಡಿತು. ಬೆಳಕು ಹೋಗಿ ಬರುವ ಹೊತ್ತು ಪ್ರತಿ ಸಲವೂ ಬೆಳೆಯುತ್ತಿತ್ತು, ಬಸ್ಸು ಒಳಗಿನವರ ಲೆಕ್ಕದಲ್ಲಿ ಉದ್ದವಾಗುತ್ತಿತ್ತು.

ನಾನು ತಪ್ಪು ಎಳೆದಿರಬೇಕು ಎಂದು ಹಾಳೆ ಹರಿದೆ. ಇನ್ನೆರಡು ಸಲ ಎಳೆದೆ. ಅದೇ ಬಂತು.

ಮರುದಿನ ತಲೆಕೆಳಗಾಗಿ ಹೊರಟೆ. ಒಳಗಿನವರಿಗೆ ಬಸ್ಸಿನ ಉದ್ದ ಬದಲಾಗಬಾರದು. ಹಾಗಾದರೆ ಯಾರು ಹೇಗೆ ಸಾಗಬೇಕು? ಹಿಂದಿನ ಸೀಟು ಮುಂದಿನದಕ್ಕಿಂತ ಕೊಂಚ ಹೆಚ್ಚು ವೇಗೋತ್ಕರ್ಷದಲ್ಲಿ ಸಾಗಬೇಕು. ಒಳಗಿನವರ ಪ್ರತಿಯೊಂದು 'ಈಗ'ಕ್ಕೂ, ಅಂದರೆ ಅವರಿಗೆ ಒಂದೇ ಹೊತ್ತು ಎನಿಸುವ ಕ್ಷಣಗಳಿಗೆ, ಬೆಳಕು ಕಳಿಸಿ ಒಂದೊಂದು ಗೆರೆ ಎಳೆದೆ. ಆ ಗೆರೆಗಳು ಒಂದಕ್ಕೊಂದು ಸಮಾನಾಂತರವಾಗಿರಲಿಲ್ಲ. ಅಳತೆಪಟ್ಟಿ ಇಟ್ಟು ಹಿಂದಕ್ಕೆ ಬೆಳೆಸಿದೆ. ಎಲ್ಲವೂ ಹೋಗಿ ಒಂದೇ ಚುಕ್ಕೆಯಲ್ಲಿ ಕೂಡಿದವು. ಸ್ಟಾಫ್ ರೂಮಿನಲ್ಲಿ ಒಬ್ಬಳೇ ಇದ್ದೆ, ಆದರೂ ಜೋರಾಗಿ "ಅವ್ವಾ!" ಎಂದೆ. ನಮ್ಮ ಶಿಗ್ಗಾಂವಿ ಬಸ್ಸು ಆ ಮೊದಲ ಆರು ಡಿಗ್ರಿಯಲ್ಲೇ ಓಡುತ್ತಲೇ ಇದ್ದರೆ, ಆ ಚುಕ್ಕೆ ಅದರ ಹಿಂದೆ ಸುಮಾರು ಒಂಬತ್ತೂವರೆ ಬೆಳಕಿನ ವರ್ಷಗಳಷ್ಟು ದೂರದಲ್ಲಿರುತ್ತದೆ. ಹತ್ತು ಮೀಟರಿನ ಬಸ್ಸಿನಲ್ಲಿ ಹಿಂದಿನ ಗಡಿಯಾರ ಹಿಂದೆ ಬೀಳುವುದು ನೂರು ಕೋಟಿ ಕೋಟಿ ಪಾಲಿನಲ್ಲಿ ಒಂದು ಪಾಲು. ಯಾವ ಕಂಡಕ್ಟರನಿಗೂ ಅದು ಗೊತ್ತಾಗದು. ಆದರೆ ಅದು ಸೊನ್ನೆಯಲ್ಲ.

ಇಂಗ್ಲಿಷ್ ಕೈಪಿಡಿ ತೆರೆದು ನೋಡಿದೆ. ತಪ್ಪು ಸಾಲು ಅಲ್ಲೂ ಅದೇ ಜಾಗದಲ್ಲಿತ್ತು.

ಸಂಭ್ರಮ ಇಳಿಯಿತು, ಭಯ ಹತ್ತಿತು. ಪಾಠಕ್ಕೆ ನಾಲ್ಕು ದಿನ. ತಪ್ಪಿರುವ ಪ್ರತಿಗಳು ಎಲ್ಲರ ಕೈಯಲ್ಲಿವೆ. ಸುಮ್ಮನಿದ್ದರೆ ಯಾರ ಗಮನಕ್ಕೂ ಬರಲಿಕ್ಕಿಲ್ಲ, ಓಳಂಬದ ಪ್ರಯೋಗವೊಂದೇ ಪಾಠವನ್ನು ದಾಟಿಸಬಹುದು. ಬಾಯಿಬಿಟ್ಟರೆ, 'ನೋಡಿದ್ರಾ, ಕನ್ನಡದಾಗ ಬರೀತೇನಿ ಅಂದಾಕಿ ತಪ್ಪು ಬರದಾಳ' ಎನ್ನಲು ಧಾರವಾಡದ ಹಿರಿಯರಿಗೆ ಕಾರಣ ಸಿಗುತ್ತದೆ. 'ನಾನು ಅನುವಾದ ಮಾಡಿದ್ದಷ್ಟೇ' ಎಂದು ಜಾರಿಕೊಳ್ಳಲೂ ದಾರಿಯಿತ್ತು. ಎರಡು ದಿನ ಈ ಮೂರು ದಾರಿಗಳ ನಡುವೆ ಒದ್ದಾಡಿದೆ. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಮೂರನೆಯ ದಿನ ತರಗತಿಗೆ ಹೋಗಿ ಎಲ್ಲರ ಮುಂದೆ ಆ ಹುಡುಗಿಗೆ ಹೇಳಿದೆ. "ಅವತ್ತು ನೀ ಕೇಳಿದ್ದು ಸರಿ ಇತ್ತವ್ವ. ನನಗ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೂದ ಬಿಟ್ಟು ನಿನ್ನ ಕುಂದರ್ಸಿದೆ. ತಪ್ಪಾತು."

ಆಕೆ ದುಪಟ್ಟಾದ ತುದಿ ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮೆಲ್ಲಗೆ, "ಹಂಗಾದ್ರ ಹಿಂದಿನ ಗಡಿಯಾರ ಎಷ್ಟು ಹಿಂದ ಬೀಳ್ತೈತ್ರಿ ಮೇಡಂ?" ಎಂದಳು. ಇಡೀ ಗಂಟೆ ಲೆಕ್ಕ ಮಾಡಿದೆವು. ಶಿಗ್ಗಾಂವಿಯಲ್ಲಿ ಏನು ಮಾಡಬೇಕೆಂಬುದು ಅಲ್ಲೇ ತೀರ್ಮಾನವಾಯಿತು.

ಮಧ್ಯಾಹ್ನ ಗೌಂಡಿಯವರಿಗೂ ಹೇಳಿದೆ. ವೇಗೋತ್ಕರ್ಷವೂ ಗುರುತ್ವವೂ ಒಂದೇ ಎಂದಾದರೆ, ಕಟ್ಟಡದಲ್ಲೂ ಕೆಳಗಿನ ಗಡಿಯಾರಕ್ಕಿಂತ ಮೇಲಿನದು ಒಂಚೂರು ಜೋರಾಗಿ ಓಡುತ್ತದೆ ಎಂದೆ. ಅವರು ಸ್ಲ್ಯಾಬಿನ ಮೇಲೆ ಕೆಲಸ ಮಾಡುತ್ತಿದ್ದವರನ್ನು ನೋಡಿ, "ಹಂಗಾದ್ರ ಮ್ಯಾಲಿನಾವ್ರಿಗೆ ಚಾ ಲಗೂನ ಕಳಿಸ್ಬೇಕಲ್ರಿ," ಎಂದರು. ನಾನು ಅವರನ್ನು ನಗಿಸಲು ಹೋಗಿದ್ದೆ, ಅವರೇ ನಗಿಸಿದರು.

ಶಿಗ್ಗಾಂವಿಯ ಸಭೆಯಲ್ಲಿ ಮೂವತ್ತರ ಹತ್ತಿರ ಅಧ್ಯಾಪಕರಿದ್ದರು. ಧಾರವಾಡದ ಹಿರಿಯರು ಮುಂದಿನ ಸಾಲಿನಲ್ಲಿ, ತೊಡೆಯ ಮೇಲೆ ಅಭಿಪ್ರಾಯದ ನಮೂನೆ ಇಟ್ಟುಕೊಂಡು ಕೂತಿದ್ದರು.

"ಎಲ್ಲಾರೂ ಏಳನೇ ಪುಟ ತಗೀರಿ," ಎಂದೆ. "ಅದರಾಗ ಎರಡು ಗಡಿಯಾರದ ಸಾಲು ಐತಲ್ಲ, ಅದು ತಪ್ಪು. ಬರದಾಕಿ ನಾನು. ಯಾಕ ತಪ್ಪು ಅನ್ನೂದ ಇವತ್ತಿನ ಪಾಠ."

ಹಿರಿಯರ ಪೆನ್ನು ನಿಂತಿತು. ನಾನು ಬಾಗಿಲಿನವರೆಗೆ ಬೆಂಚುಗಳನ್ನು ಸರಿಸಿ ಬಸ್ಸು ಮಾಡಿದೆ, ಇಬ್ಬರು ಅಧ್ಯಾಪಕರನ್ನು ಹಿಂದೆ ಮುಂದೆ ಕೂರಿಸಿದೆ. ಹಲಗೆಯ ಮೇಲೆ ಅವರಿಬ್ಬರ ಗೆರೆ ಎಳೆದು ಹಿಂದಿನಿಂದ ಬೆಳಕು ಹೊರಡಿಸಿದೆ. ಎರಡನೆಯ ಮಿನುಗಿಗೇ ಹಿರೇಕೆರೂರಿನ ಅಧ್ಯಾಪಕರೊಬ್ಬರು ಎದ್ದರು. "ನಾ ಒಪ್ಪೂದಿಲ್ರಿ. ಬಸ್ಸು ಒಂದ, ಡ್ರೈವರ್ ಒಬ್ಬ. ಮುಂದಿನ ಸೀಟಿಗೊಂದು ಹೊತ್ತು, ಹಿಂದಿನ ಸೀಟಿಗೊಂದು ಹೊತ್ತು ಹೆಂಗ ಆದೀತು?" ಸವಣೂರಿನವರೊಬ್ಬರು ಅವರಿಗೆ ಎದುರುತ್ತರ ಕೊಟ್ಟರು. ಮತ್ತೊಬ್ಬರು ಇಬ್ಬರನ್ನೂ ಸುಮ್ಮನಾಗಿಸಲು ಎದ್ದು, ತಾವೇ ಮೂರನೆಯ ಪಕ್ಷವಾದರು. ನನ್ನ ಮಾತು ಯಾರಿಗೂ ಕೇಳಿಸದಂತಾಯಿತು. ಪಾಠ ಹಳ್ಳ ಹಿಡಿಯಿತು ಎಂದುಕೊಂಡು ಗೋಡೆಗೆ ಒರಗಿ ನಿಂತೆ.

ಆಗ ಹಿರಿಯರು ಎದ್ದು ಬಂದು ನನ್ನ ಕೈಯಿಂದ ಚಾಕ್‌ಪೀಸು ಇಸಿದುಕೊಂಡರು. "ಹಿರೇಕೆರೂರಿನವ್ರು ಹೇಳೂದ ಬರೋಬ್ಬರಿ ಅದ. ಆ ಸಾಲಿನ್ಯಾಗ ತಪ್ಪೇನೂ ಇಲ್ಲ. ತೋರಸ್ತೇನಿ, ನೋಡ್ರಿ." ಎರಡು ಗೆರೆ ಎಳೆದರು. ಹಿಂದಿನ ಗೆರೆಯಿಂದ ಬೆಳಕು ಹೊರಡಿಸಿದರು. "ಈ ಬೆಳಕು ಮುಂದಿನ ಸೀಟಿಗೆ ಮುಟ್ಟೂದ್ರಾಗ..." ಎಂದವರು ಅಲ್ಲೇ ನಿಂತರು. ಚಾಕ್‌ಪೀಸು ಹಲಗೆಯ ಮೇಲೇ ಇತ್ತು. "ಮುಟ್ಟೂದ್ರಾಗ ಆ ಸೀಟಿನ ವೇಗ ಹೆಚ್ಚಾಗಿರ್ತದ," ಎಂದರು, ತಮಗೆ ತಾವೇ ಹೇಳಿಕೊಂಡಂತೆ. "ಹೌದಲ್ಲ. ಎರಡನೇದು ತಡ ಆಗ್ತದ."

ಮುಂದಿನ ಅರ್ಧ ಗಂಟೆ ಹಲಗೆಯ ಹತ್ತಿರ ಆರೇಳು ಜನ ನಿಂತಿದ್ದರು. ಹಿರೇಕೆರೂರಿನವರು ಕೊನೆಗೆ ತಾವೇ ಕೊನೆಯ ಗೆರೆ ಎಳೆದು ಚುಕ್ಕೆ ಕೂಡಿಸಿದರು.

ಊಟಕ್ಕೆ ಬಿಟ್ಟಾಗ ಹಿರಿಯರು ನನ್ನನ್ನು ಪಡಸಾಲೆಗೆ ಕರೆದರು. "ಇಂಗ್ಲಿಷ್ ಕೈಪಿಡಿ ನೋಡಿ ಬರದ್ರೇನು?"

"ಬರದಾಕಿ ನಾನ ರೀ ಸರ್. ತಪ್ಪು ನಂದ."

"ನಾ ಕೇಳಿದ್ದು ಅದಲ್ಲ."

"ಹೌದ್ರಿ. ನೋಡಿ ಬರದೆ."

ಅವರು ಕಟ್ಟೆಯ ಮೇಲೆ ಕೂತರು. ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು. "ಅದರಾಗಿನ ಆ ಘಟಕ ಬರದಾಂವ ನಾನು. ಇಷ್ಟು ವರ್ಷ ಆತು, ಎಷ್ಟೋ ಮಂದಿ ಓದಿದ್ರು, ಕಲಿಸಿದ್ರು. ಒಬ್ಬರೂ ಕೇಳಲಿಲ್ಲ. ಇಂಗ್ಲಿಷಿನ್ಯಾಗ ಅದ ಅಂದಮ್ಯಾಲ ಖರೇನ ಇರ್ಬೇಕು ಅಂತ ತಿಳ್ಕೊಂಡ್ರು. ನಾನೂ ಹಂಗ ತಿಳ್ಕೊಂಡೆ."

ನಾನು ಅವರ ಪಕ್ಕದಲ್ಲಿ ಕೂತೆ. ಅವರು ನಮೂನೆಯಲ್ಲಿ 'ಘಟಕ ಇರಲಿ' ಎಂದು ಬರೆದು ಸಹಿ ಹಾಕಿದರು. ಆಮೇಲೆ ಅದೇ ಕಾಗದವನ್ನು ಮಗುಚಿ, ಬೆನ್ನಿನ ಮೇಲೆ ಎರಡು ಬಾಗಿದ ಗೆರೆ ಎಳೆಯತೊಡಗಿದರು. ಅನ್ನ ಆರುತ್ತಿದೆ ಎಂದು ಒಳಗಿನಿಂದ ಯಾರೋ ಕರೆಯಲು ಬಂದರು.

"ತಡೀರಿ," ಎಂದರು ಅವರು, ತಲೆ ಎತ್ತದೆ. "ಇನ್ನೊಮ್ಮೆ ಕನ್ನಡದಾಗ ಹೇಳ್ಕೋತೇನಿ. ನನಗ ಪೂರಾ ತಿಳೀಲಿ."